ಜೂನ್ ಐವತ್ಮೂರಕ್ಕೆ ಬನ್ನಿ

ಉಡುಪಿಯ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕಂಪ್ಯೂಟರ್ ಬಲ್ಲ ಏಕೈಕ ವ್ಯಕ್ತಿ ನಾನಾಗಿದ್ದೆ. ಬಲ್ಲವನೆಂದರೆ, ಕಟಪಾಡಿಯಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋಗಿದ್ದೆ.

ಒಂದೇ ಥೈರಾಯ್ಡ್ ಪರೀಕ್ಷೆಗೆ ರಕ್ತ ಸಂಗ್ರಹಿಸುವ ನಮ್ಮ ಕಾರ್ಕಳದ ಕೌಂಟರಿನವರು ಒಂದು ಹೆಸರು ಬರೆದರೆ ಕಾಪುವಿನವರು ಇನ್ನೊಂದು ಬರೆಯುತ್ತಿದ್ದರು. ಬೇಸತ್ತ ಮಾಲೀಕರು, ಎಲ್ಲ ದೇಶಗಳ ಲ್ಯಾಬುಗಳಿಗೂ ಹೊಂದುವ ಕೋಡ್ ನಂಬರುಗಳ ಪುಸ್ತಕ ತರಿಸಿ, ಹಾರ್ಮೋನ್ ಪರೀಕ್ಷೆಗಳ ಪಟ್ಟಿ ಮಾಡಲು ನನಗೆ ಹೇಳಿದರು. ಟಿಎಸ್ಎಚ್‌ಗೆ 3016-3, ಟಿ-ತ್ರೀಗೆ 3053-6, ಹೀಗೆ. ಕಣ್ಣು ಪುಸ್ತಕದ ಮೇಲೆ, ಬೆರಳು ಕೀಲಿಗಳ ಮೇಲೆ. ಅರ್ಧ ಗಂಟೆಯಲ್ಲಿ ಮುಗಿಸಿದೆ. ಪರದೆಯನ್ನು ಮಾತ್ರ ನೋಡಲಿಲ್ಲ. ಪ್ರಿಂಟ್ ತೆಗೆದು ಮೊದಲು ಕಾರ್ಕಳದ ಬಸ್ಸಿಗೆ ಕೊಟ್ಟು, ಅಲ್ಲಿನ ಕೌಂಟರಿನ ವಿನುತಾಳಿಗೆ ಫೋನಿನಲ್ಲಿ ಆದೇಶಿಸಿದೆ: "ಪರೀಕ್ಷೆಯ ಎದುರು ಎಂತ ಉಂಟೋ ಅದನ್ನೇ ರಕ್ತ ಕೊಟ್ಟವರ ಚೀಟಿಯಲ್ಲಿ ಬರೆಯಿರಿ. ತಲೆ ಓಡಿಸಬೇಡಿ."

ನಾಲ್ಕನೇ ದಿನ ಹೆಂಡತಿ ಸಂಧ್ಯಾಳ ಫೋನ್ ಬಂತು. ಮೂರು ತಿಂಗಳ ಬಸುರಿ, ಕಾರ್ಕಳದ ತಾಯಿಮನೆಯಲ್ಲಿದ್ದಳು. ಅಲ್ಲಿಯೇ ರಕ್ತ ಕೊಟ್ಟಿದ್ದಳು.

"ರಿಪೋರ್ಟ್ ನೋಡದೆ ಮಾತ್ರೆ ಬರೆಯುವುದಿಲ್ಲ ಅಂತ ಡಾಕ್ಟ್ರು ಹೇಳ್ತಾರೆ. ನಿಮ್ಮ ಲ್ಯಾಬಿನ ಚೀಟಿಯಲ್ಲಿ ಟಿಎಸ್ಎಚ್ ಮಾರ್ಚ್ ಹದಿನಾರಕ್ಕೆ ಅಂತ ಉಂಟು. ಈಗ ಜನವರಿ ಅಲ್ವಾ? ಇನ್ನೊಂದು ಜುಲೈ ಇಪ್ಪತ್ನಾಲ್ಕಕ್ಕೆ. ಅಷ್ಟರಲ್ಲಿ ಮಗುವೇ ಬರ್ತದೆ ಮಾರಾಯ್ರೆ."

"ಮತ್ತೆ ಟಿ-ತ್ರೀ?"

"ಜೂನ್ ಐವತ್ಮೂರಕ್ಕೆ."

ಕೂಡಲೇ ವಿನುತಾಳಿಗೆ ಫೋನ್ ಮಾಡಿ ಜೋರು ಮಾಡಿದೆ. ಆಕೆ ಸಮಾಧಾನದಿಂದಲೇ ಹೇಳಿದಳು: "ಪಟ್ಟಿಯಲ್ಲಿ ಹಾಗೇ ಉಂಟು ಸರ್. ಜೂನಿಗೆ ಐವತ್ಮೂರು ದಿನ ಇಲ್ಲ ಅಂತ ನನಗೂ ಗೊತ್ತು. ತಲೆ ಓಡಿಸಬೇಡಿ ಅಂದದ್ದು ನೀವೇ ಅಲ್ವಾ?"

ಪರದೆ ನೋಡಿದೆ. ನಡುವೆ ಗೀಟು ಇರುವ ನಂಬರನ್ನೆಲ್ಲ ಕಂಪ್ಯೂಟರ್ ತಾರೀಖು ಎಂದು ತಿಳಿದು, 3016-3 ಅನ್ನು ಮೂರು ಸಾವಿರದ ಹದಿನಾರನೇ ಇಸವಿಯ ಮಾರ್ಚ್ ಮಾಡಿ, ಚುಟುಕಾಗಿ 'ಮಾರ್ಚ್-16' ಎಂದು ತೋರಿಸುತ್ತಿತ್ತು. ಅಳಿಸಿ ಮತ್ತೆ ಹೊಡೆದೆ. ಮತ್ತೆ ಮಾರ್ಚ್. ತಾರೀಖು ಬೇಡವೆಂದು ಬದಲಿಸಿದೆ. ನಾಲ್ಕು ಲಕ್ಷ ಚಿಲ್ಲರೆಯ ಒಂದು ಸಂಖ್ಯೆ ಬಂತು. ಗೀಟನ್ನೇ ತೆಗೆದೆ, ಅಂಥ ಪರೀಕ್ಷೆಯೇ ಇಲ್ಲವೆಂದು ಲ್ಯಾಬಿನ ಪ್ರೋಗ್ರಾಮ್ ತಿರಸ್ಕರಿಸಿತು. ಕೂರಲಾಗದೆ ಎದ್ದೆ, ನಿಲ್ಲಲಾಗದೆ ಕೂತೆ. ಕಾರ್ಕಳದ ನಾಲ್ಕು ದಿನಗಳ ಹಾರ್ಮೋನ್ ರಿಪೋರ್ಟುಗಳೆಲ್ಲ ಚೀಟಿಯ ಕೋಡ್ ಹೊಂದದೆ ಆ ಪ್ರೋಗ್ರಾಮಿನ ಒಳಗೇ ಸಿಕ್ಕಿಬಿದ್ದಿದ್ದವು. ಅವುಗಳಲ್ಲಿ ನನ್ನ ಹೆಂಡತಿಯದೂ ಒಂದು.

ನಮ್ಮ ಹಿರಿಯ ಟೆಕ್ನಿಷಿಯನ್ ಲೀಲಕ್ಕ ನನ್ನ ಒದ್ದಾಟ ನೋಡಿ ಹತ್ತಿರ ಬಂದರು. "ಎಷ್ಟು ಸಾಲು ಉಂಟು?"

"ಹದಿನೈದು."

ಅವರು ಪೆನ್ನು ತೆಗೆದು ಹದಿನೈದೂ ಕೋಡುಗಳನ್ನು ಕೈಯಲ್ಲೇ ಬರೆದರು. ಹತ್ತು ನಿಮಿಷ ಹಿಡಿಯಿತು. ಬಳಿಕ ರಕ್ತ ಪರೀಕ್ಷಿಸುವ ಯಂತ್ರದ ದಾಖಲೆ ತಿರುವಿ, ಸಿಕ್ಕಿಬಿದ್ದ ರಿಪೋರ್ಟುಗಳನ್ನು ಒಂದೊಂದಾಗಿ ಹುಡುಕಿಕೊಟ್ಟರು.

ಹೊಸ ಪಟ್ಟಿ ಮತ್ತು ರಿಪೋರ್ಟುಗಳ ಕಟ್ಟನ್ನು ಹಿಡಿದು ನಾನೇ ಬಸ್ಸು ಹತ್ತಿದೆ. ಸಂಧ್ಯಾಳ ರಿಪೋರ್ಟ್ ತೆಗೆದುಕೊಂಡು, ಉಳಿದ ಕಟ್ಟನ್ನು ವಿನುತಾಳಿಗೆ ಕೊಟ್ಟು, ತಲೆ ತಗ್ಗಿಸಿ ಕ್ಷಮೆ ಕೇಳಿ, ಸಂಧ್ಯಾಳೊಂದಿಗೆ ಡಾಕ್ಟರರ ಕೋಣೆಗೆ ಹೋದೆ. ಅವರು ರಿಪೋರ್ಟ್ ನೋಡಿ, "ಸ್ವಲ್ಪ ಜಾಸ್ತಿ ಉಂಟು, ಹೆದರುವಂಥದ್ದೇನಲ್ಲ" ಎಂದು ಮಾತ್ರೆ ಬರೆದರು. ಆಗಷ್ಟೇ ನನಗೆ ಉಸಿರು ಬಂತು.

ಮಾತ್ರೆಯ ಚೀಟಿ ಕೊಡುತ್ತಾ ಡಾಕ್ಟರರು ಲ್ಯಾಬಿನ ಚೀಟಿಯ 'ಜೂನ್-53' ಅನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. "ನೀವು ಆ ಲ್ಯಾಬಿನವರಾ? ಕಂಪ್ಯೂಟರಿನ ಎದುರು ಯಾರನ್ನು ಕೂರಿಸಿದ್ದಾರೆ ಅಂತ ಒಮ್ಮೆ ವಿಚಾರಿಸ್ಲಿಕ್ಕೆ ಹೇಳಿ ಅಲ್ಲಿ."

"ಖಂಡಿತ ಹೇಳ್ತೇನೆ ಡಾಕ್ಟ್ರೇ" ಎಂದೆ.

ಪಕ್ಕದಲ್ಲಿ ಸಂಧ್ಯಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.