ಏರೋ, ಬಿಕ್ಕೋ

ಏರ್ತಾನೆ, ಗುಡ್ಡ ಇಲ್ಲ. ಓಡಿಸ್ತಾನೆ, ಗಾಲಿ ಇಲ್ಲ. ದಿನಾ ಸೊರಬ ಮುಟ್ತಾನೆ, ಹಿತ್ತಲು ದಾಟಲ್ಲ. ಮಾತಾಡಬೇಕು ಅಂತಾರೆ, ಹಾಡಬಾರದು ಅಂತಾರೆ. ಯಾರಿವನು?

ತಲೆ ಕೆರ್ಕೋಬೇಡಿ. ಈ ಒಗಟು ನಿಮಗೆ ಒಡೆಯೋದಿಲ್ಲ, ಯಾಕಂದ್ರೆ ಉತ್ತರ ನಮ್ಮಪ್ಪ. ಶಿಕಾರಿಪುರದ ನಮ್ಮನೇಲಿ ಇಂಥವು ನಡೀತಾನೇ ಇರ್ತವೆ. ನೋಡಿ ನಗೋಕೆ ಜನ ಇಲ್ಲ ಅನ್ನೋದೊಂದೇ ಕೊರತೆ.

ಫೋಟೋ ಮೂಲಕ

ಅಪ್ಪ ಶಿಕಾರಿಪುರದಿಂದ ಸೊರಬಕ್ಕೆ ಹೋಗೋ ಪ್ರೈವೇಟ್ ಬಸ್ಸಿನ ಡ್ರೈವರ್. ಅವ್ವನ ತವರು ಸೊರಬ. ಅವ್ವ ತೀರಿಕೊಂಡ ವರ್ಷವೇ ನಾನು ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದೆ. ಎರಡನೇ ಸಲವೂ ಹೊಡೆದ ಮೇಲೆ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಏನಿದ್ದರೂ ಗೋಡೆ ಮೇಲಿನ ಅವ್ವನ ಫೋಟೋಕ್ಕೆ ಹೇಳೋದು.

“ನಿನ್ನ ಮಗನಿಗೆ ಹೇಳು, ಸಾರಿಗೆ ಉಪ್ಪಿಲ್ಲ.”

ನಾನೂ ಫೋಟೋಕ್ಕೇ ಹೇಳೋದು. “ಅವ್ವಾ, ಉಪ್ಪು ಖಾಲಿ ಆಗೈತೆ ಅಂತ ಹೇಳು.”

ಬದುಕಿದ್ದಾಗ ಅವ್ವನಿಗೆ ಯಾವ ಮಾತನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸಿದ್ದಿಲ್ಲ. ಅಡಿಗೆಮನೆಯಿಂದ “ಏನಂದ್ರಿ?” ಅಂತಿದ್ದಳು. ಈಗ ಮೊದಲನೇ ಸಲಕ್ಕೇ ಕೇಳಿಸ್ತದೆ.

ಚೀಟಿಯಲ್ಲಿದ್ದ ಪದ

ಒಂದಿನ ಶಿರಾಳಕೊಪ್ಪದ ಹತ್ತಿರ ಬಸ್ ಓಡಿಸ್ತಿದ್ದಾಗಲೇ ಅಪ್ಪನಿಗೆ ಎದೆ ಹಿಡಿಯಿತು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ವಾಲಿದನಂತೆ. ಆಸ್ಪತ್ರೆ, ಪರೀಕ್ಷೆ, ಗುಳಿಗೆ ಎಲ್ಲ ಆಯ್ತು. ಕೊನೆಗೆ ಸೊರಬದ ಡಾಕ್ಟರು ಹೇಳಿದರು: ಮೂರು ತಿಂಗಳು ಸ್ಟೇರಿಂಗ್ ಮುಟ್ಟಬಾರದು, ಮನೇಲೇ ಏರೋಬಿಕ್ಸ್ ಮಾಡಬೇಕು, ಎದೆ ಸುಧಾರಿಸಿದರೆ ಮತ್ತೆ ಬಸ್ಸು, ಇಲ್ಲಾಂದ್ರೆ ಇಲ್ಲ.

ಅಪ್ಪ ಚೀಟಿಯನ್ನು ಫೋಟೋ ಮುಂದೆ ಹಿಡಿದ. “ಇದೇನಂತೆ ಕೇಳು. ನಿನ್ನ ಮಗ ಹೈಸ್ಕೂಲು ಕಂಡವನಲ್ವಾ.”

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಮೂರನೇ ಸಲ ಫೇಲಾದ ಹಾಗೆ. “ಅವ್ವಾ, ಅದು ಕನ್ನಡಾನೇ. ಏರೋ, ಬಿಕ್ಕೋ. ಮೊದಲು ಏರಬೇಕು, ಆಮೇಲೆ ಬಿಕ್ಕಬೇಕು.”

ನಗ್ತಾನೆ ಅಂದ್ಕೊಂಡಿದ್ದೆ. ನಮ್ಮನೇಲಿ ಯಾರಾದರೂ ನಕ್ಕು ಬಹಳ ದಿನ ಆಗಿತ್ತು. ಅಪ್ಪ ಏಣಿ ಹಾಕಿ ಅಟ್ಟ ಏರಿಬಿಟ್ಟ. ಅಟ್ಟದಲ್ಲಿ ಅವ್ವನ ಟ್ರಂಕ್ ಐತೆ. ಅದರ ಮುಚ್ಚಳ ತೆರೆದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಚೀಟಿಯ ಎರಡನೇ ಅರ್ಧವೂ ಕೇಳಿಸಿತು.

ಕೆಳಗೆ ಏಣಿ ಹಿಡ್ಕೊಂಡು ನಿಂತ ನಾನೂ ಅದನ್ನೇ ಮಾಡ್ತಿದ್ದೆ, ಏರದೇನೇ.

ಡಾಕ್ಟರು ನನ್ನ ಹಿಂದೆ ನೋಡಿದ್ದು

ಎದೆ ನೋವಿನವನನ್ನು ಏಣಿ ಹತ್ತಿಸಿದೆನಲ್ಲ ಅನ್ನೋ ಭಯಕ್ಕೆ ಮಾರನೇ ಬೆಳಿಗ್ಗೆ ಮೊದಲನೇ ಬಸ್ಸಿಗೇ ಸೊರಬಕ್ಕೆ ಹೋದೆ. ಡಾಕ್ಟರು ಪೂರ್ತಿ ಬೈದು ಮುಗಿಸಿ, ಆಮೇಲೆ ಬಿಡಿಸಿ ಹೇಳಿದರು. ಏಣಿ ಬೇಡ, ಜಿಗಿಯೋದು ಬೇಡ. ಊಟ ಆದ ಕೂಡಲೇ ಬೇಡ. ಮೊದಲು ಐದು ನಿಮಿಷ ನಿಧಾನ ನಡಿಗೆ. ಆಮೇಲೆ ಕೈ ಬೀಸಿ ಚುರುಕಾಗಿ, ಹತ್ತು ನಿಮಿಷದಿಂದ ಶುರು ಮಾಡಿ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಕೊನೆಗೆ ಮತ್ತೆ ಐದು ನಿಮಿಷ ನಿಧಾನ, ದಿಢೀರಂತ ನಿಲ್ಲಬಾರದು. ಎದೆ ಹಿಡಿದರೆ, ತಲೆ ಸುತ್ತಿದರೆ ಮಾತ್ರ ಅಲ್ಲೇ ನಿಲ್ಲಿಸಿ ಕೂರಿಸೋದು, ಕಮ್ಮಿ ಆಗದಿದ್ರೆ ಆಸ್ಪತ್ರೆಗೆ ಓಡೋದು.

“ಚುರುಕು ಜಾಸ್ತಿ ಆಯ್ತೋ ಇಲ್ವೋ ಹೆಂಗೆ ಗೊತ್ತಾಗ್ತದೆ ಸಾರ್?”

“ಮಾಡ್ತಾ ಮಾಡ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟೇ ಲೆಕ್ಕ.”

“ಹಾಡೋದಿರಲಿ ಸಾರ್, ಅವನು ಮಾತೇ ಆಡಲ್ಲ.”

“ಹಾಗಾದ್ರೆ ಜೊತೆಗಿದ್ದು ಮಾತಾಡಿಸಬೇಕಪ್ಪ. ಮನೇಲಿ ಯಾರಿದಾರೆ?”

“ನಾನಿದೀನಿ ಸಾರ್.”

ಡಾಕ್ಟರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಬೇರೆ ಯಾರಾದರೂ ಬಂದಿದಾರೇನೋ ಅಂತ.

ಸೊರಬ, ವಯಾ ಶಿರಾಳಕೊಪ್ಪ

ವಾಪಸ್ ಬರುವಾಗ ಬಸ್ಸಲ್ಲೇ ಹೊಳೀತು. ಸ್ಟ್ಯಾಂಡಿಂದ ಹೊರಡುವಾಗ ನಿಧಾನ, ರೋಡಿಗೆ ಬಿದ್ದ ಮೇಲೆ ಜೋರು, ಸ್ಟ್ಯಾಂಡ್ ಸೇರುವಾಗ ಮತ್ತೆ ನಿಧಾನ. ಡಾಕ್ಟರು ಹೇಳಿದ್ದು ನಮ್ಮಪ್ಪ ಇಪ್ಪತ್ತು ವರ್ಷದಿಂದ ಮಾಡ್ತಿದ್ದ ಕೆಲಸಾನೇ.

ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದೆ. ನಡುಮನೆ ಶಿಕಾರಿಪುರ, ಅಡಿಗೆಮನೆ ಶಿರಾಳಕೊಪ್ಪ, ಹಿತ್ತಲ ತೊಟ್ಟಿ ಸೊರಬ. ಬೆಳಿಗ್ಗೆ ಅಪ್ಪ ಅದನ್ನು ನೋಡಿ ಗೋಡೆ ಕಡೆ ತಿರುಗೋದರೊಳಗೆ ಬಾಗಿಲು ಬಡಿದು “ರೈಟ್” ಅಂದೆ.

ಕಾಲು ತಾನಾಗಿ ಹೊರಟಿತು. ಮಗನ ಮಾತು ಕೇಳದಿದ್ದರೂ ಕಂಡಕ್ಟರ್ ಮಾತು ಕೇಳದ ಡ್ರೈವರ್ ಇಲ್ಲ. ಹೊಸ್ತಿಲ ಹತ್ತಿರ ಎಡಗೈ ಗೇರ್ ಬದಲಿಸಿತು. ಬಚ್ಚಲ ತಿರುವಲ್ಲಿ ಬಲಗೈ ಹಾರನ್ ಹುಡುಕಿತು. ನಾನು ಗಡಿಯಾರ ಹಿಡ್ಕೊಂಡು ಹಿಂದೆ.

ಪಕ್ಕದ ಮನೆ ಅಕ್ಕ ಗೋಡೆ ಮೇಲಿಂದ ಇಣುಕಿದಳು. “ಏನ್ರಿ ಡ್ರೈವರಣ್ಣ, ಹಿತ್ತಲಾಗೆ ಬಸ್ ಬಿಟ್ಟೀರಾ? ನಂದೂ ಸೊರಬಕ್ಕೆ ಹೋಗೋದಿತ್ತು.”

ಅಪ್ಪ ರೋಡಿನಿಂದ ಕಣ್ಣು ತೆಗೆಯಲಿಲ್ಲ. ನಾನೇ ಹೇಳಿದೆ, “ಸೀಟಿಲ್ಲ ಅಕ್ಕ. ನಿಂತ್ಕೊಂಡು ಬರೋದಾದ್ರೆ ಬನ್ನಿ.”

ಹೋಲ್ಡಾನ್

ಆದರೆ ಡಾಕ್ಟರ ಲೆಕ್ಕ ಸಿಗ್ತಿರಲಿಲ್ಲ. ಅಪ್ಪ ಮಾತಾಡ್ತಿದ್ದದ್ದು ಸುತ್ತಿಗೊಂದು ಸಲ, ನಡುಮನೆಗೆ ಬಂದಾಗ, ಫೋಟೋ ಜೊತೆ. “ನಿನ್ನ ಮಗನ ಗಡಿಯಾರ ನಿಧಾನ ಐತೆ.” ಮುಂದಿನ ಮಾತಿಗೆ ಇನ್ನೊಂದು ಸುತ್ತು ಕಾಯಬೇಕು. ಅಷ್ಟರಲ್ಲಿ ಉಸಿರು ಎಲ್ಲಿಗೆ ಬಂತು ಅಂತ ಹೇಳೋರ್ಯಾರು?

ಮೂರನೇ ವಾರ ಒಂದು ಕಿತಾಪತಿ ಮಾಡಿದೆ. ಬೆಳಿಗ್ಗೆ ಫೋಟೋ ಇಳಿಸಿ ಅಕ್ಕಿ ಡಬ್ಬೀಲಿಟ್ಟೆ. ಫೋಟೋ ಇಲ್ಲದಿದ್ದರೆ ನನ್ನ ಜೊತೆ ಮಾತಾಡದೆ ಎಲ್ಲಿಗೆ ಹೋಗ್ತಾನೆ?

ಅಪ್ಪ ನಡುಮನೆಗೆ ಬಂದ. ಬಾಯಿ ತೆರೆದ. ಗೋಡೆ ಮೇಲೆ ಮೊಳೆ ಒಂದೇ ಇತ್ತು. ಅಲ್ಲೇ ಕಾಲು ಎತ್ತಿ ಇಡ್ತಾ ನಿಂತ. ಮುಖ ಕೆಂಪಾಯ್ತು.

ನಾನು ಮೊಳೆ ಕೆಳಗೆ ಹೋಗಿ ನಿಂತೆ. “ಮಾತಾಡಪ್ಪ. ಏನಾದ್ರೂ ಅನ್ನು. ಬೈದ್ರೂ ಆಗ್ತದೆ.”

ಮಾತಿಲ್ಲ. ಆಗಲೇ ನನಗೆ ಹೆದರಿಕೆ ಆಗಿದ್ದು. ಮಾತಾಡೋಕೆ ಮನಸ್ಸಿಲ್ಲವೋ, ಉಸಿರೇ ಇಲ್ಲವೋ? ಮುನಿಸೂ ಎದೆನೋವೂ ಹೊರಗಿಂದ ಒಂದೇ ಥರ ಕಾಣ್ತವೆ. “ಹೋಲ್ಡಾನ್” ಅಂತ ಕೂಗಿದೆ. ದನಿ ಒಡೀತು.

ಅಪ್ಪ ನಿಂತ. ಹೊಸ್ತಿಲ ಮೇಲೆ ಕೂತ. ನೀರು ಕೊಟ್ಟೆ, ಕುಡಿದ. ಎದೆ ಮುಟ್ಟಿ ನೋಡ್ಕೊಂಡು, ಏನಿಲ್ಲ ಅನ್ನೋ ಹಾಗೆ ಕೈ ಆಡಿಸಿದ. ಆಮೇಲೆ ನನ್ನ ಮುಖಾನೇ ನೋಡಿ ಕೇಳಿದ:

“ನಿಮ್ಮವ್ವನ್ನ ಎಲ್ಲಿ ಇಳಿಸಿದ್ಯೋ?”

“ಶಿರಾಳಕೊಪ್ಪದಾಗೆ. ಅಕ್ಕಿ ಡಬ್ಬೀಲಿ.”

“ತವರಿಗೆ ಹೊರಟವಳನ್ನ ಅರ್ಧ ದಾರೀಲಿ ಇಳಿಸ್ತಾರೇನೋ? ಅವಳ ಟಿಕೆಟ್ ಸೊರಬಕ್ಕಿತ್ತು.”

ಅಂದವನೇ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. ನಕ್ಕು ನಕ್ಕು ಹಾಡೋಕೇ ಶುರು ಮಾಡಿದ. “ಹಾಡಬಾರದಂತೆ ಅಪ್ಪ” ಅಂತ ನಾನು ಬಾಯಿ ಮುಚ್ಚಿಸಬೇಕಾಯ್ತು.

ನೀರು ಕುಡಿದದ್ದು, ಕೈ ಆಡಿಸಿದ್ದು ನಿಜ. ಆಮೇಲೆ ಅಪ್ಪ ಎದ್ದು ಹೋಗಿ, ಡಬ್ಬಿಯಿಂದ ಫೋಟೋ ತೆಗೆದು, ಅಕ್ಕಿ ಒರೆಸಿ, ಮೊಳೆಗೆ ಹಾಕಿ, “ನಾಳೆ ಆರು ಗಂಟೆಗೇ ರೈಟ್ ಕೊಡು ಅಂತ ಹೇಳು” ಅಂದ. ಹೇಳಿದ್ದು ಫೋಟೋಕ್ಕೇ. ಉಳಿದ ಮಾತು, ನಗು, ಹಾಡು ಎಲ್ಲ ನಾನೇ ಕಟ್ಟಿದ್ದು.