ಆಮೆ ತಾತನ ಅಕಾಲ ಮರಣ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ತಾರೀಖು ಹಾಕದೆ ಏನನ್ನೂ ಉಳಿಸಿಕೊಳ್ಳಲು ಬಿಡದ ಒಂದು ವೆಬ್‌ಸೈಟು.

ಮೃಗಾಲಯದ ಆ ವೆಬ್‌ಸೈಟನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಪೋಸ್ಟ್‌ಮ್ಯಾನ್ ಎಂದೇ ಕರೆಯುತ್ತಿದ್ದರು. ಪೋಸ್ಟ್ ಹಾಕುವುದೇ ಅವನ ಕೆಲಸ. ವೆಬ್‌ಸೈಟಿನಲ್ಲಿ ನಾಲ್ಕು ಸಾಲು ಬರೆದು, ಫೋಟೋ ಸೇರಿಸಿ, ದಿನವನ್ನೂ ಹೊತ್ತನ್ನೂ ಗೊತ್ತುಮಾಡಿಟ್ಟರೆ ಆಯಿತು. ಆ ಹೊತ್ತಿಗೆ ಅದು ಎಲ್ಲ ಸಾಮಾಜಿಕ ಜಾಲತಾಣಗಳಿಗೂ ತಾನಾಗಿ ಹೋಗಿಬಿಡುತ್ತಿತ್ತು.

ಹಿಂದಿನ ವಾರ ಅಲ್ಲಿನ ದೈತ್ಯ ಆಮೆ ಮೇವು ಬಿಟ್ಟಿತು. ಊರಿಗೆಲ್ಲ ಅದು ‘ತಾತ’. ನಿರ್ದೇಶಕರು ಪೋಸ್ಟ್‌ಮ್ಯಾನನನ್ನು ಕರೆಸಿದರು.

“ಯಾವಾಗ ಬೇಕಾದ್ರೂ ಹೋಗ್ಬಹುದು ಕಣಯ್ಯಾ. ಒಂದು ಶ್ರದ್ಧಾಂಜಲಿ ಬರೆದಿಟ್ಟಿರು. ಪೇಪರಿನವರಿಗಿಂತ ಮೊದಲು ನಾವು ಹಾಕ್ಬೇಕು.”

ಅವನು ಬರೆದ. ಬರೆಯುತ್ತಾ ತನ್ನ ಕಣ್ಣೇ ತೇವವಾಗುವಷ್ಟು ಚೆನ್ನಾಗಿ ಬರೆದ. ನಿರ್ದೇಶಕರು ಅಲ್ಲೇ ಒಪ್ಪಿಗೆಯ ಗುಂಡಿ ಒತ್ತಿದರು. ಉಳಿಸಲು ಹೋದರೆ ವೆಬ್‌ಸೈಟು ತಾರೀಖು ಕೇಳಿತು. ಮುಂದಿನ ವರ್ಷದ ಯಾವುದೋ ದಿನ ಇರಲಿ ಎಂದುಕೊಂಡ. ದಿನ ಬದಲಾಯಿಸಿದ, ವರ್ಷ ಬದಲಾಯಿಸುವುದನ್ನು ಮರೆತ. ಮರುದಿನ ಪಶುವೈದ್ಯರು ಜಂತುಹುಳುವಿನ ಔಷಧಿ ಕೊಟ್ಟದ್ದೇ ತಡ, ತಾತ ಇಡೀ ಕುಂಬಳಕಾಯಿ ಮುಗಿಸಿದ. ಶ್ರದ್ಧಾಂಜಲಿ ಯಾರಿಗೂ ನೆನಪಿರಲಿಲ್ಲ, ವೆಬ್‌ಸೈಟೊಂದನ್ನು ಬಿಟ್ಟು.

ಇವತ್ತು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕಿಕ್ಕಿರಿದ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತಿದ್ದಾಗ ಹೆಂಡತಿಯ ಫೋನು ಬಂತು.

“ರೀ, ತಾತ ಹೋಗ್ಬಿಟ್ರಂತೆ! ನನಗೊಂದು ಮಾತು ಹೇಳ್ಬಾರ್ದಾ? ಅಮ್ಮ ಅಳ್ತಾ ಕೂತಿದ್ದಾರೆ.”

“ಯಾವ ತಾತ?”

“ನಿಮ್ಮ ತಾತ ಕಣ್ರೀ, ಆಮೆ! ನೀವೇ ಹಾಕಿದ್ದೀರಲ್ಲ!”

ಬಸ್ಸಿನಿಂದ ಇಳಿದವನು ಓಡುತ್ತಲೇ ಮೃಗಾಲಯದ ತನ್ನ ಕೋಣೆ ಸೇರಿ ವೆಬ್‌ಸೈಟಿನಲ್ಲಿದ್ದ ಪೋಸ್ಟನ್ನು ಅಳಿಸಿ ಉಸಿರು ಬಿಟ್ಟ.

“ಇಲ್ಲೇನೋ ಹೋಯ್ತು. ನನ್ನ ಫೋನಲ್ಲಿ ಹಂಗೇ ಇದೆಯಲ್ಲಾ?” ಎಂದಳು ಬೆನ್ನ ಹಿಂದೆ ಬಂದು ನಿಂತಿದ್ದ ಟಿಕೆಟ್ ಕೌಂಟರಿನವಳು.

ಆ ವೆಬ್‌ಸೈಟಿಗೆ ಕಳಿಸುವುದು ಗೊತ್ತಿತ್ತೇ ಹೊರತು ವಾಪಸು ಕರೆಸಿಕೊಳ್ಳುವುದು ಗೊತ್ತಿರಲಿಲ್ಲ. ಜಾಲತಾಣಗಳ ಪಾಸ್‌ವರ್ಡು ಇದ್ದದ್ದು, ಜಗಳ ಮಾಡಿಕೊಂಡು ಕೆಲಸ ಬಿಟ್ಟಿದ್ದ ಹಳೆಯ ಪೋಸ್ಟ್‌ಮ್ಯಾನನ ಹತ್ತಿರ. ಅವನು ಫೋನೇ ಎತ್ತಲಿಲ್ಲ.

“ಬದುಕಿದೆ ಅಂತ ಇನ್ನೊಂದು ಹಾಕ್ಬಿಡಿ, ಅದಕ್ಕೇನಂತೆ?” ಎಂದ ಆಮೆಗೆ ಮೇವು ಹಾಕುವವನು.

ಹಾಕಿದ. ‘ನಿರ್ದೇಶಕರ ಒಪ್ಪಿಗೆಗೆ ಕಾಯಲಾಗುತ್ತಿದೆ’ ಎಂದಿತು ವೆಬ್‌ಸೈಟು. ನಿರ್ದೇಶಕರ ಫೋನು ಬಿಡುವಿರಲಿಲ್ಲ. ಸಾಯಿಸಲು ಸಿಕ್ಕಿದ ಒಪ್ಪಿಗೆ ಬದುಕಿಸಲು ಸಿಗಲಿಲ್ಲ.

ಅಷ್ಟರಲ್ಲಿ ಜನ ಹೂವು ಹಿಡಿದು ಬಂದೇಬಿಟ್ಟರು. ಬೇಲಿಯೊಳಗೆ ತಾತ, ತನಗೆ ಅರ್ಪಿಸಿದ ಹೂಗಳನ್ನು ತಾನೇ ಮೇಯುತ್ತಿದ್ದ.

“ನೋಡಿ, ಬದುಕಿದೆ! ಆ ಪೋಸ್ಟು ತಪ್ಪಾಗಿ ಹೋಗಿದ್ದು!” ಪೋಸ್ಟ್‌ಮ್ಯಾನ್ ಗಂಟಲು ಹರಿದುಕೊಂಡ.

“ನಮಗೇ ಕಿವಿಗೆ ಹೂವಾ?” ಎಂದರು ಒಬ್ಬರು ಅಜ್ಜಿ. “ನಮ್ಮ ತಾತ ಹಿಂಗೆ ಹೊಟ್ಟೆಬಾಕ ಅಲ್ಲ. ಇದ್ಯಾವುದೋ ಬೇರೆ ತಂದಿಟ್ಟಿದ್ದೀರಿ. ತೆಗೀರಿ ಅದನ್ನ!”

ಉಳಿದವರೂ ದನಿಗೂಡಿಸಿದರು. ಆಗ ನಿರ್ದೇಶಕರು ಬೆವರು ಸುರಿಸುತ್ತಾ ಬಂದರು.

“ಇಲಾಖೆ ಮುಖ್ಯಸ್ಥರು ಹಾರ ತಗೊಂಡು ಹೊರಟಿದ್ದಾರೆ. ಫೋನಲ್ಲಿ ಅತ್ತೇಬಿಟ್ರು ಕಣಯ್ಯಾ! ಸತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಮೊದಲು ಅದನ್ನ ಬಚ್ಚಿಡು.”

“ಎಲ್ಲಿ ಸಾರ್?”

“ನಿನ್ನ ರೂಮಲ್ಲಿ! ಇನ್ನೆಲ್ಲಿ, ನನ್ನ ತಲೆ ಮೇಲಾ?”

ಸಿಕ್ಕವರೆಲ್ಲ ಸೇರಿ ತಾತನನ್ನು ತಳ್ಳುಗಾಡಿಗೆ ಹೇರಿದರು. ಆ ‘ಬೇರೆ’ ಆಮೆ ತೊಲಗಿತೆಂದು ಜನ ಚಪ್ಪಾಳೆ ತಟ್ಟಿದರು. ಕೋಣೆಯ ಮೂಲೆಯಲ್ಲಿ ಇಳಿಸಿ, ಮೇಲೊಂದು ಹಳೆಯ ಪರದೆ ಹೊದಿಸಿ, ಪೋಸ್ಟ್‌ಮ್ಯಾನ್ ನೆಲಕ್ಕೆ ಕುಸಿದ.

ಮುಖ್ಯಸ್ಥರು ಖಾಲಿ ಬೇಲಿಗೆ ಹಾರ ಹಾಕಿ, ಮೂಗು ಒರೆಸಿಕೊಂಡು, “ಅಷ್ಟು ಚೆನ್ನಾಗಿ ಬರೆದವರನ್ನ ನೋಡ್ಬೇಕಲ್ಲ” ಎಂದರು. ನಿರ್ದೇಶಕರು ತಡೆಯುವಷ್ಟರಲ್ಲಿ ಕೋಣೆಯ ಒಳಗೇ ಬಂದು, ದುಃಖಕ್ಕೋ ಬಿಸಿಲಿಗೋ ಬಳಲಿ, ಮೂಲೆಯಲ್ಲಿ ಪರದೆ ಹೊದ್ದಿದ್ದ ದಿಬ್ಬದ ಮೇಲೆ ಕೂತುಬಿಟ್ಟರು.

ದಿಬ್ಬ ಎದ್ದು ನಡೆಯಿತು.

ಮುಖ್ಯಸ್ಥರು ಕೂತಲ್ಲೇ ಮೆಲ್ಲಗೆ ಮೇಜಿನತ್ತ ಸಾಗಿದರು.

“ಈ ನಡಿಗೆ... ಈ ನಡಿಗೆ ನನಗೆ ಗೊತ್ತು!” ಎಂದು ಅವರು ಒಮ್ಮೆಲೇ ಕೂಗಿದರು. “ಚಿಕ್ಕವನಿದ್ದಾಗ ನಮ್ಮಪ್ಪ ನನ್ನನ್ನ ಇವನ ಮೇಲೆ ಕೂರಿಸ್ತಿದ್ರು! ತಾತಾ!” ಪರದೆ ಕಿತ್ತೆಸೆದು ಚಿಪ್ಪನ್ನು ತಬ್ಬಿಕೊಂಡು ಮಗುವಿನಂತೆ ಅತ್ತರು.

ಬದುಕಿದೆಯಾ ಬಡಜೀವವೇ ಎಂದು ಪೋಸ್ಟ್‌ಮ್ಯಾನನ ಕಣ್ಣಲ್ಲೂ ನೀರು ಬಂತು.

“ಹಗಲು ರಾತ್ರಿ ಆರೈಕೆ ಮಾಡಿ ಉಳಿಸಿಕೊಂಡ್ವಿ ಸಾರ್” ಎಂದರು ನಿರ್ದೇಶಕರು, ಕೈ ಕಟ್ಟಿಕೊಂಡು.

ಮುಖ್ಯಸ್ಥರು ಅವರ ಬೆನ್ನು ತಟ್ಟಿ, ಕಣ್ಣೊರೆಸಿಕೊಂಡು ಎದ್ದರು. ಮುಖ ಗಂಟಾಯಿತು. “ಹಾಗಾದ್ರೆ ಇವನು ಸತ್ತ ಅಂತ ಊರಿಗೆಲ್ಲ ಸಾರಿದವನು ಯಾರು?”

ಕೋಣೆಯಲ್ಲಿದ್ದ ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು. ತಾತನೂ ಆ ಕಡೆಗೇ ಕತ್ತು ಚಾಚಿದ.

ಪೋಸ್ಟಿನ ಕೆಳಗೆ ಸಂತಾಪ ಬರೆದ ಪ್ರತಿಯೊಬ್ಬರಿಗೂ ಸ್ವಂತ ಹೆಸರಿನಲ್ಲಿ ಕ್ಷಮೆ ಕೇಳದೆ ಮನೆಗೆ ಹೋಗಕೂಡದೆಂದು ಅಪ್ಪಣೆಯಾಯಿತು. ಪೋಸ್ಟ್‌ಮ್ಯಾನ್ ತನ್ನ ಫೋನು ತೆಗೆದು ಮೊದಲನೆಯವರಿಗೆ ಬರೆದ: ‘ಕ್ಷಮಿಸಿ, ಮೃಗಾಲಯದಲ್ಲಿ ಈ ಪೋಸ್ಟ್ ಹಾಕಿದವನು ನಾನೇ. ತಾತ ಬದುಕಿದ್ದಾರೆ. ಚೆನ್ನಾಗಿ ಊಟ ಮಾಡುತ್ತಿದ್ದಾರೆ.’

ತಕ್ಷಣ ಉತ್ತರ ಬಂತು: ‘ಹೋದವರ ವಿಷಯದಲ್ಲೂ ತಮಾಷೆಯಾ? ನಿನ್ನಂಥವನನ್ನ ಕೆಲಸದಲ್ಲಿ ಇಟ್ಟುಕೊಂಡಿದ್ದಕ್ಕೇ ಪಾಪ ಆ ತಾತ ಸತ್ತಿದ್ದು!’

ಅವನು ನೋಡನೋಡುತ್ತಿದ್ದಂತೆ ಅದಕ್ಕೆ ಲೈಕುಗಳು ಬೀಳತೊಡಗಿದವು. ಅದರಲ್ಲೊಂದು ನಿರ್ದೇಶಕರದು.