ಕರಿಬೇವಿನಲ್ಲಿ ಸೇಬು ಬಿಟ್ಟ ವರ್ಷ

ಮೂರು-ನಾಲ್ಕು ವರ್ಷದ ಮಕ್ಕಳಿರುವ ಮನೆಯಲ್ಲಿ ಹಾಲು ಉಕ್ಕದ ದಿನ ಇದ್ದೀತು, ಫಜೀತಿಯಾಗದ ದಿನ ಇರಲಾರದು. ಕುವೈತಿನ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಅಂಥವರು ಮೂವರಿದ್ದರು. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ಮೇಲಿನ ಮಹಡಿಯ ಬ್ಯಾರಿ ಕುಟುಂಬದ ಹುಡುಗಿ. ಅವಳ ಅಮ್ಮನಿಗೆ ಕೈಗೂಸಿತ್ತು, ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಇವಳನ್ನು ಕೆಳಗಿಳಿಸಿಬಿಡುತ್ತಿದ್ದರು. ಮೂರನೆಯವನು ಎದುರು ಫ್ಲಾಟಿನ ಹುಡುಗ. ಅವನ ತಾಯಿ ಎಗೈಲಾದ ಒಂದು ಮಾಲ್‌ನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು, ತಂದೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಕೆಲಸದಲ್ಲಿದ್ದ.

ಈ ಹುಡುಗ ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾನೆಂದು ತಾಯಿ ಆಣೆ ಹಾಕುತ್ತಿದ್ದಳು. ನನ್ನ ಮನೆಗೆ ಬಂದು ತಿಂಗಳಾದರೂ ಒಂದು ‘ಹೂಂ’ ಸಹ ಇಲ್ಲ. ಚಳಿ ಶುರುವಾಗುವ ಹೊತ್ತಿಗೆ ಅವನಿಗೆ ಎಲ್‌ಕೆಜಿ ಇಂಟರ್‌ವ್ಯೂ.

“ಸೀಟು ಸಿಗದಿದ್ರೆ ನಾನೂ ಇವನೂ ಊರಿಗೆ, ಇವನಪ್ಪ ಬ್ಯಾಚುಲರ್ ರೂಮಿಗೆ. ಹೇಗಾದ್ರೂ ಮಾಡಿ ಇವನ ಬಾಯಿ ಬಿಡಿಸಿ ಅಕ್ಕಾ” ಎಂದು ಅವನ ತಾಯಿ ಕಣ್ಣೊರೆಸಿಕೊಂಡಳು. ಒಪ್ಪಿಕೊಂಡೆ.

ನನ್ನ ಗಂಡ ಆಗ ಶುವೈಖಿನ ಗೋಡೌನ್ ಒಂದರಲ್ಲಿ ಸ್ಟೋರ್‌ಕೀಪರ್. ಶುಕ್ರವಾರದ ಹಳೆ ಸಾಮಾನಿನ ಸಂತೆಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದರು. ಆಟಮ್‌ನಲ್ಲಿ, ಅಂದರೆ ಎಲೆ ಉದುರುವ ಶರತ್ಕಾಲದಲ್ಲಿ, ಪುಟ್ಟ ಮಕ್ಕಳಿಗೆ ಮನೆಯಲ್ಲೇ ಮಾಡಿಸುವ ಆಟಗಳು, ಎಲ್ಲವೂ ಸೇಬಿನವು. “ಇದನ್ನು ಮಾಡಿಸು, ಬಾಯಿ ತಾನಾಗಿ ಬಿಡ್ತದೆ” ಎಂದರು. ಅವತ್ತೇ ಶನಿ ನನ್ನ ಹೆಗಲೇರಿದ.

ತೋಟ

‘ಸ್ವೆಟರ್ ಹಾಕಿ, ಬುಟ್ಟಿ ಹಿಡಿದು, ಉದುರಿದ ಎಲೆಗಳ ಮೇಲೆ ನಡೆಯುತ್ತಾ ಸೇಬಿನ ತೋಟಕ್ಕೆ ಹೋಗಿ’ ಎಂದಿತ್ತು ಮೊದಲ ಪುಟ. ನಮ್ಮಲ್ಲಿ ಸೆಪ್ಟೆಂಬರ್ ಅಂದರೆ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ಕಾಲ. ಬಿಲ್ಡಿಂಗಿನ ಸುತ್ತ ಮರಳು ಬಿಟ್ಟರೆ ಕಾರುಗಳು.

“ಅದಕ್ಕೆಂಥ ಚಿಂತೆ?” ಎಂದು ಇವರು ಬಾಲ್ಕನಿಯಲ್ಲಿದ್ದ ನನ್ನ ಕರಿಬೇವಿನ ಗಿಡಕ್ಕೆ ದಾರದಲ್ಲಿ ಆರು ಸೇಬು ಕಟ್ಟಿದರು. ಅದು ನಾನು ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗಿಡ. ಬೇಸಿಗೆಯಲ್ಲಿ ಮಗಳಿಗಿಂತ ಮೊದಲು ಅದನ್ನು ಎಸಿ ಕೋಣೆಗೆ ಎಳೆದು ತರುತ್ತಿದ್ದೆ. “ಮೆಲ್ಲ ಕೊಯ್ಯಿರಿ, ಒಬ್ಬೊಬ್ಬರಾಗಿ” ಅಂದೆ. ಮೂವರೂ ಒಟ್ಟಿಗೆ ನುಗ್ಗಿ ಎಳೆದರು. ಗಿಡ ಲಟಕ್ಕನೆ ಮುರಿದು ಕುಂಡದ ಸಮೇತ ಬಿತ್ತು. ಬಾಲ್ಕನಿ ತುಂಬ ಎಲೆ.

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮಗಳು ಎಲೆಗಳ ಮೇಲೆ ಕುಣಿಯುತ್ತ ಕೂಗಿದಳು: “ಅಮ್ಮಾ, ಲುಕ್! ಆಟಮ್ ಬಂತು!”

ಮುದ್ರೆ

ಮುಂದಿನ ಆಟ ಬಹಳ ಸುಲಭ. ಸೇಬನ್ನು ಅರ್ಧಕ್ಕೆ ಕತ್ತರಿಸಿ, ಕೆಂಪು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತುವುದು. ಮಕ್ಕಳು ಶಿಸ್ತಾಗಿ ಒತ್ತುತ್ತಿದ್ದರು. ಅಷ್ಟರಲ್ಲಿ ಊರಿಂದ ಅತ್ತೆಯ ಫೋನು. ಎರಡೇ ಎರಡು ನಿಮಿಷ ಒಳಗೆ ಹೋಗಿ ಬಂದೆ.

ಮೇಜಿನ ಮೇಲೆ ಇವರ ರಜೆಯ ಅರ್ಜಿ ಇತ್ತು. ಸೂಪರ್‌ವೈಸರ್ ಸಹಿ, ಮ್ಯಾನೇಜರ್ ಸಹಿ, ಕಫೀಲ್ ಅಂದರೆ ಕಂಪನಿ ಯಜಮಾನನ ನೀಲಿ ಮುದ್ರೆ, ಇಷ್ಟನ್ನು ಸಂಪಾದಿಸಲು ಇವರು ಮೂರು ವಾರ ತಿರುಗಿದ್ದರು. ಆ ನೀಲಿ ಮುದ್ರೆಯ ಪಕ್ಕದಲ್ಲಿ ಈಗ ಒಂದು ದುಂಡನೆಯ ಕೆಂಪು ಸೇಬು, ನಟ್ಟನಡುವೆ ಬೀಜದ ಗುರುತು ಸಹಿತ.

“ಯಾರು ಮಾಡಿದ್ದು?” ಎಂದು ಗದರಿದೆ. ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಬಾಯಿ ಬಿಡದವನ ಕೈ ಮಾತ್ರ ಮೊಣಕೈವರೆಗೆ ಕೆಂಪಗಿತ್ತು.

ಇವರು ಆ ರಾತ್ರಿ ಊಟ ಸೇರದೆ ಮಲಗಿದರು. ಬೇರೆ ದಾರಿಯಿಲ್ಲದೆ ಮರುದಿನ ಅದನ್ನೇ ಕೊಟ್ಟರು. ಆಫೀಸಿನ ಗುಮಾಸ್ತ ಕಾಗದವನ್ನು ಮೇಲೆ ಕೆಳಗೆ ನೋಡಿ, ಸೇಬಿನ ಮೇಲೆ ಗೌರವದಿಂದ ಬೆರಳಾಡಿಸಿ, “ಖಲಾಸ್, ಎಲ್ಲಾ ಸರಿಯಿದೆ” ಎಂದು ರಜೆ ಮಂಜೂರು ಮಾಡಿದನಂತೆ.

ಮುಂದಿನ ವರ್ಷ ಅರ್ಜಿ ವಾಪಸ್ ಬಂತು. ಹೋದ ಸಲ ಇದ್ದ ಕೆಂಪು ಮುದ್ರೆ ಈ ಸಲ ಯಾಕಿಲ್ಲ ಎಂದು ಕೇಳಿ.

ಉಪವಾಸ

ಸೇಬಿನ ಆಟಗಳು ಮುಗಿಯುವ ಮೊದಲೇ ಆ ವರ್ಷ ರಂಜಾನ್ ಬಂತು. ಪುಸ್ತಕದ ಪ್ರಕಾರ ಅಂದು ರುಚಿ ನೋಡುವ ಆಟ. ಕೆಂಪು, ಹಸಿರು, ಹಳದಿ ಸೇಬಿನ ಹೋಳು ತಿಂದು ಯಾವುದು ಹುಳಿ, ಯಾವುದು ಸಿಹಿ ಎಂದು ಹೇಳಬೇಕು. ರುಚಿಯ ನೆಪದಲ್ಲಾದರೂ ಹುಡುಗ ಒಂದು ಮಾತಾಡಿಯಾನು ಎಂಬ ಆಸೆ ನನಗೆ. ತಟ್ಟೆ ಮುಂದಿಟ್ಟೆ. ಮೇಲಿನ ಮನೆಯ ಹುಡುಗಿ ಕೈಕಟ್ಟಿ ಕುಳಿತಳು.

“ಆಂಟೀ, ಐ ಆಮ್ ಫಾಸ್ಟಿಂಗ್.”

ಅವಳಿಗೆ ನಾಲ್ಕು ವರ್ಷ. ನನ್ನ ಮಗಳು ತುಟಿಯವರೆಗೆ ತಂದ ಹೋಳನ್ನು ಕೆಳಗಿಟ್ಟು “ಮೀ ಟೂ” ಎಂದಳು. ಹುಡುಗ ಮುಚ್ಚಿದ್ದ ಬಾಯಿಯನ್ನೇ ಇನ್ನಷ್ಟು ಬಿಗಿದ. ಹೋಳುಗಳು ಕಂದುಗಟ್ಟತೊಡಗಿದವು. ನಾನು ಮೇಲಿನ ಮನೆಗೆ ಫೋನ್ ಮಾಡಿದೆ.

“ಎಂಥ ನೋಂಬು ಅಕ್ಕಾ ಅವಳಿಗೆ! ಎರಡು ಪತ್ತಿರಿ, ಒಂದು ಮೊಟ್ಟೆ ತಿಂದು ಈಗಷ್ಟೇ ಇಳಿದದ್ದು” ಎಂದು ಅವಳ ಅಮ್ಮ ನಕ್ಕರು.

ಹುಡುಗಿಯನ್ನು ಕೇಳಿದೆ. ಒಂಚೂರೂ ಅಳುಕದೆ “ದಟ್ ವಾಸ್ ಬಿಫೋರ್” ಎಂದಳು.

“ಸಣ್ಣವರ ನೋಂಬು ಹತ್ತೂವರೆಗೆ ಬಿಡುವುದು ಅಂತ ಹೇಳಿ” ಎಂದು ಅಮ್ಮನೇ ಉಪಾಯ ಹೇಳಿಕೊಟ್ಟರು. ನಾನು ಪರದೆ ಎಳೆದು, ಕೋಣೆ ಕತ್ತಲು ಮಾಡಿ, ಸೂರ್ಯ ಮುಳುಗಿದನೆಂದು ಸಾರಿದೆ. ಮೂವರೂ ಒಂದು ಹೋಳು ಉಳಿಸದೆ ತಿಂದರು. ಹುಳಿ ಯಾವುದು, ಸಿಹಿ ಯಾವುದು, ಯಾರೂ ಹೇಳಲಿಲ್ಲ. ಬಾಯಿ ಒರೆಸಿಕೊಂಡು ಎರಡನೆಯ ಉಪವಾಸಕ್ಕೆ ಕುಳಿತರು. ಸಂಜೆಯೊಳಗೆ ನಾಲ್ಕು ಉಪವಾಸವಾಗಿತ್ತು.

ಮಗಳನ್ನು ಕರೆದೊಯ್ಯಲು ಬಂದ ಅಮ್ಮ ಲೆಕ್ಕ ಕೇಳಿ ಹಣೆ ಚಚ್ಚಿಕೊಂಡರು. “ನಾನು ತಿಂಗಳಿಡೀ ಹಿಡಿಯುವುದನ್ನು ಇವಳು ಒಂದು ವಾರದಲ್ಲಿ ಮುಗಿಸ್ತಾಳೆ ಅಕ್ಕಾ!”

ಇಂಟರ್‌ವ್ಯೂ

ಇಂಟರ್‌ವ್ಯೂ ದಿನ ಬಂದೇಬಂತು. ಹುಡುಗನ ಬಾಯಿಂದ ಮಾತು ಬಂದಿರಲಿಲ್ಲ. ಅವನಪ್ಪನಿಗೆ ರಜೆ ಸಿಗದೆ, “ನೀವಾದ್ರೂ ಬನ್ನಿ ಅಕ್ಕಾ, ನನಗೆ ಕೈಕಾಲು ಬರುದಿಲ್ಲ” ಎಂದು ತಾಯಿ ನನ್ನನ್ನು ಎಳೆದುಕೊಂಡು ಹೋದಳು. ಟ್ಯಾಕ್ಸಿಯಲ್ಲಿ ಕೂತು ಊರಿನ ಒಂದು ದೇವರನ್ನೂ ಬಿಡದೆ ಹರಕೆ ಹೊತ್ತಳು. ಶಾಲೆಯ ಕಾರಿಡಾರಿನಲ್ಲಿ ಬೇರೆ ಮಕ್ಕಳು ಎ ಯಿಂದ ಝಡ್ ವರೆಗೆ ಗಂಟಲು ಹರಿಯುವಂತೆ ಒದರುತ್ತಿದ್ದರು. ನಮ್ಮವನು ಗೋಡೆ ನೋಡುತ್ತ ನಿಂತಿದ್ದ.

ಪ್ರಿನ್ಸಿಪಾಲರು ಐವತ್ತು ದಾಟಿದ, ಬಿಗಿ ಮುಖದ ಹೆಂಗಸು. ಕನ್ನಡದ ಗಂಧಗಾಳಿಯಿಲ್ಲ. ಹೆಸರು ಕೇಳಿದರು. ಇವನು ಸುಮ್ಮನೆ. ಬಣ್ಣ ಕೇಳಿದರು. ಸುಮ್ಮನೆ. ಅವರ ಪೆನ್ನು ಅರ್ಜಿಯ ಕೊನೆಯ ಸಾಲಿಗೆ ಇಳಿಯಿತು. ಮೇಜಿನಡಿ ತಾಯಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚರ್ಮದೊಳಗೆ ಇಳಿಯಿತು.

ಅವರಿಗೂ ಪಾಪ ಅನ್ನಿಸಿರಬೇಕು. ಕೊನೆಯದಾಗಿ ಮೇಜಿನ ಬುಟ್ಟಿಯಿಂದ ಒಂದು ಪ್ಲಾಸ್ಟಿಕ್ ಸೇಬು ಎತ್ತಿದರು. “ವಾಟ್ ಈಸ್ ದಿಸ್?” ಅವನನ್ನು ನಗಿಸೋಣವೆಂದು ಕಣ್ಣು ಮುಚ್ಚಿ, ಸೇಬನ್ನು ಬಾಯಿಗಿಟ್ಟು, ಹಲ್ಲು ಊರಿ, “ಯಮ್ ಯಮ್ ಯಮ್” ಎಂದು ಜಗಿಯುವಂತೆ ಮಾಡಿದರು.

ಹುಡುಗ ಕುರ್ಚಿಯಿಂದ ಹಾರಿದ. ಮೇಜು ಸುತ್ತಿ ಓಡಿ, ಎಡಗೈಯಲ್ಲಿ ಅವರ ಕೆನ್ನೆ ಹಿಡಿದು, ಬಲ ಅಂಗೈಯನ್ನು ಗಲ್ಲದ ಕೆಳಗೆ ಒಡ್ಡಿ ಗರ್ಜಿಸಿದ:

“ಥೂ ಮಾಡು! ಅದು ಪ್ಲಾಸ್ಟಿಕ್! ಮೊದ್ಲು ಥೂ ಮಾಡು!”

ಆ ದನಿ ನನ್ನದೇ. ಬಣ್ಣದ ಕಡ್ಡಿ, ಜೇಡಿಮಣ್ಣು ಬಾಯಿಗೆ ಹಾಕಿದ ಮಕ್ಕಳಿಗೆ ದಿನಕ್ಕೆ ಹತ್ತು ಸಲ ನಾನು ಹೀಗೇ ಕೈಯೊಡ್ಡಿ ಗದರುವುದು. ತಾಯಿ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

“ಏನು ಹೇಳುತ್ತಿದ್ದಾನೆ?” ಎಂದು ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಕೇಳಿದರು, ಸೇಬನ್ನು ಬಾಯಿಂದ ತೆಗೆಯದೆ.

ತರ್ಜುಮೆ ನನ್ನ ಪಾಲಿಗೆ ಬಂತು. “ಮೇಡಂ, ಅದು ಪ್ಲಾಸ್ಟಿಕ್ ಅಂತೆ. ನೀವು... ನೀವು ಉಗುಳಬೇಕಂತೆ.”

ಅವರು ಆ ಅಂಗೈಯನ್ನು ನೋಡಿದರು. ಅದು ಅಲುಗಲಿಲ್ಲ. ಸೇಬು ಕೆಳಗಿಟ್ಟು, ಬಗ್ಗಿ, ವಿಧೇಯರಾಗಿ “ಥೂ” ಎಂದರು. ಅಂದವರೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಂಥವನೊಬ್ಬ ಕ್ಲಾಸಿನಲ್ಲಿದ್ದರೆ ನನ್ನ ಟೀಚರ್‌ಗಳಿಗೆ ಅರ್ಧ ಕೆಲಸ ಕಡಿಮೆ” ಎಂದು ಅರ್ಜಿಯ ಮೇಲೆ ‘ಅಡ್ಮಿಟೆಡ್’ ಎಂದು ಬರೆದು ಸಹಿ ಹಾಕಿದರು. ತಾಯಿ ಗಳಗಳನೆ ಅತ್ತುಬಿಟ್ಟಳು, ನಾನೂ ಅತ್ತೆ.

ಹುಡುಗ ಮಾತ್ರ ಅಲ್ಲಿಂದ ಕದಲಲಿಲ್ಲ. ಪ್ರಿನ್ಸಿಪಾಲರು ಸೇಬನ್ನು ಡ್ರಾಯರಿಗೆ ಹಾಕಿ ಮುಚ್ಚುವವರೆಗೂ ಕಾದು ನಿಂತ. ಮತ್ತೆ ತನ್ನ ಅಂಗೈಯನ್ನು ಚಡ್ಡಿಗೆ ಒರೆಸಿ, ಅವರ ಕೆನ್ನೆ ತಟ್ಟಿ, ಆ ಇಂಟರ್‌ವ್ಯೂನ ಒಂದೇ ಒಂದು ಇಂಗ್ಲಿಷ್ ಮಾತಾಡಿದ:

“ಗುಡ್ ಗರ್ಲ್.”